ಅಥಣಿಯ ತೊಗಲು ಕಲಿಯುವವರ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದೇ ಚಪ್ಪಲಿ ತೋರಿಸಿತು. ಅಲ್ಲಿಂದ ಈಚೆಗೆ ಪತ್ರಿಕೆಗಳಲ್ಲಿ ಈ ಚಪ್ಪಲಿ ಬಗ್ಗೆ ಬಹಳ ಬಂದಿದೆ. ಇದರ ಮೇಲೆ ನಮ್ಮ ಕಡೆಯವರ ಹಕ್ಕೂ ಇದೆ ಎಂದು ಅನೇಕರು ಹೇಳಿದರು. ಸರಿಯಾದ ಮಾತೇ. ಈ ಚಪ್ಪಲಿಗೆ ಸಿಕ್ಕಿರುವ ಜಿಐ ಟ್ಯಾಗ್‌ನಲ್ಲಿ, ಅಂದರೆ ಇಂಥ ಕಡೆಯ ಸಾಮಾನು ಎಂದು ಸರ್ಕಾರ ಕೊಡುವ ಗುರುತಿನಲ್ಲಿ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಆದರೆ ನಾನು ಓದಿದ್ದೆಲ್ಲ ಚಪ್ಪಲಿ ಬಗ್ಗೆಯೇ ಇತ್ತು. ಅದು ಎಂಥ ತೊಗಲಿನಿಂದ ಆಗುತ್ತದೆ, ಆ ತೊಗಲಿನಿಂದ ಬೇರೆ ಏನೇನು ಮಾಡಬಹುದು, ಕಲಿಯಬೇಕು ಅನ್ನುವವನಿಗೆ ಅದು ಎಲ್ಲಿ ಸಿಗುತ್ತದೆ? ಇದನ್ನು ಯಾರೂ ಕೇಳಲಿಲ್ಲ. ಅದಕ್ಕೇ ಈ ಪತ್ರ.

ನಾನು ಮಾಜಿ ಸೈನಿಕ. ಈಗ ತಿಕೋಟಾ ಭಾಗದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದೇನೆ. ಬಿಡುವಾದಾಗ ತೊಗಲಿನ ಹೋಲ್‌ಸ್ಟರ್, ಅಂದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಒರೆ, ಹೊಲಿಯುತ್ತೇನೆ. ಹೋಲ್‌ಸ್ಟರ್ ಅಂದ ಕೂಡಲೇ ಪೊಲೀಸರ ಸೊಂಟದ ಪಿಸ್ತೂಲು ನೆನಪಿಗೆ ಬರುತ್ತದೆ, ಅಲ್ವಾ? ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಜಾಸ್ತಿ ಹೊಲಿಯುವುದು ಚಾಟ್ನಿ ಕತ್ತರಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕತ್ತರಿ, ಇಟ್ಟುಕೊಳ್ಳುವ ಹೋಲ್‌ಸ್ಟರ್. ಈ ಕೆಲಸದಲ್ಲಿ ನಾನಿನ್ನೂ ಕಲಿಯುವವನು. ಮಾರಾಟಕ್ಕೆ ಮಾಡುವುದಿಲ್ಲ. ತೋಟಕ್ಕೆ ಬರುವವರಿಗೆ, ಬೀಗರಿಗೆ, ಗೆಳೆಯರಿಗೆ ಕೊಡುತ್ತೇನೆ.

ದ್ರಾಕ್ಷಿ ಬೆಳೆಯದವರಿಗಾಗಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಬೇಸಿಗೆಯಲ್ಲಿ ಏಪ್ರಿಲ್ ಚಾಟ್ನಿ, ಮಳೆ ಮುಗಿಯುವಾಗ ಅಕ್ಟೋಬರ್ ಚಾಟ್ನಿ. ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್‌ನಲ್ಲಿ ಹಣ್ಣು ಹಿಡಿಯುವುದಕ್ಕೆ. ಎರಡೂ ಸಲ ಟೋಳಿಯವರು, ಅಂದರೆ ಗುಂಪಾಗಿ ಕೂಲಿ ಮಾಡುವವರು, ಬರುತ್ತಾರೆ. ಬೆಳಗಿನಿಂದ ಸಂಜೆವರೆಗೆ ತಲೆ ಎತ್ತರದ ಚಪ್ಪರದ ಕೆಳಗೆ ಕೈ ಮೇಲೆ ಮಾಡಿಕೊಂಡೇ ಕೆಲಸ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯಲ್ಲಿ ಕತ್ತರಿ. ಕಡ್ಡಿ ಬಿಡಿಸುವಾಗ, ತಂತಿಗೆ ಕಟ್ಟುವಾಗ ಎರಡೂ ಕೈ ಬೇಕು. ಆಗ ಕತ್ತರಿಯನ್ನು ಎಲ್ಲಿಡುವುದು?

ಗಂಡಸರು ಪ್ಯಾಂಟಿನ ಕಿಸೆಗೆ ತುರುಕುತ್ತಾರೆ. ಕಿಸೆ ಹರಿಯುತ್ತದೆ, ಕೆಲವೊಮ್ಮೆ ತೊಡೆಗೂ ಚುಚ್ಚುತ್ತದೆ. ಹೆಣ್ಣುಮಕ್ಕಳ ಕಷ್ಟ ಬೇರೆ. ಸೀರೆ ಉಟ್ಟು ಮೇಲೊಂದು ಗಂಡಸರ ಅಂಗಿ ಹಾಕಿಕೊಂಡು ಕೆಲಸಕ್ಕೆ ಬರುತ್ತಾರೆ. ಅವರಿಗೆ ಬೆಲ್ಟು ಇಲ್ಲ. ಕತ್ತರಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಾರೆ, ಇಲ್ಲವೇ ಅಂಗಿ ಕಿಸೆಯಲ್ಲಿ ಇಡುತ್ತಾರೆ. ಬಗ್ಗಿದರೆ ಬೀಳುತ್ತದೆ. ನೆಲಕ್ಕೆ ಬಿದ್ದ ಕತ್ತರಿ ಎಲೆ ಕಸದಲ್ಲಿ ಸೇರಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕೆಲಸ ಎಕರೆ ಲೆಕ್ಕದಲ್ಲಿ ಗುತ್ತಿಗೆ ಆದಾಗ ಆ ಹೊತ್ತು ಅವರ ಕೂಲಿಯೇ.

ಪೇಟೆಯಲ್ಲಿ ರೆಕ್ಸಿನ್ ಕವರ್ ಸಿಗುತ್ತದೆ. ನಮ್ಮ ಬಿಸಿಲಿಗೆ ಅದು ಒಂದು ಹಂಗಾಮು ಮುಗಿಯುವುದರೊಳಗೆ ಸೀಳುತ್ತದೆ. ಬಾಯಿ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಕತ್ತರಿಯನ್ನು ವಾಪಸ್ ಇಡಬೇಕಾದರೆ ಎಡಗೈಯಿಂದ ಬಾಯಿ ಬಿಡಿಸಬೇಕು. ನೋಡದೇ, ಒಂದೇ ಕೈಯಲ್ಲಿ ತೆಗೆದು, ಒಂದೇ ಕೈಯಲ್ಲಿ ಇಡುವ ಹಾಗಿದ್ದರೇ ಅದು ಹೋಲ್‌ಸ್ಟರ್. ಹಾಗಿಲ್ಲದಿದ್ದರೆ ಸುಮ್ನೆ ಒಂದು ಚೀಲ.

ಬಾಯಿ ತೆರೆದೇ ನಿಲ್ಲಬೇಕು, ಒಳಗಿನ ಸಾಮಾನು ಅಲ್ಲಾಡಬಾರದು, ಕವುಚಿ ಹಿಡಿದರೂ ಬೀಳಬಾರದು, ಎಳೆದರೆ ತಡೆಯಬಾರದು. ಇಷ್ಟನ್ನೂ ಗುಂಡಿ, ಪಟ್ಟಿ ಏನೂ ಇಲ್ಲದೆ ಬರೀ ಆಕಾರದಿಂದಲೇ ಕೊಡುವುದು ಗಿಡದ ಒಗರಿನಲ್ಲಿ ಹದ ಮಾಡಿದ ತೊಗಲು. ನಮ್ಮ ಅಥಣಿ, ನಿಪ್ಪಾಣಿ, ಮದಭಾವಿ ಕಡೆ ಚಪ್ಪಲಿಗೆ ತಲೆಮಾರುಗಳಿಂದ ಬಳಸಿಕೊಂಡು ಬಂದಿರುವುದು ಇದನ್ನೇ.

ಹಳೆ ಪದ್ಧತಿಯ ಹದ ಹೀಗೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಮಾಂಸ ಕೆರೆದು ತೊಳೆಯುತ್ತಾರೆ. ಆಮೇಲೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರು. ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ, ಕಾಯಿ, ನೀರು ತುಂಬಿ ತೂಗುಹಾಕುತ್ತಾರೆ. ಒಗರು ಒಳಗಿನಿಂದ ಜಿನುಗಿ ನಾರಿಗೆ ಹಿಡಿಯುತ್ತದೆ. ಸೋರಿದ ನೀರನ್ನು ಮತ್ತೆ ಮೇಲಿನಿಂದ ಹಾಕುತ್ತಾರೆ. ಅವಸರದ ಕೆಲಸ ಅಲ್ಲ.

ಕ್ರೋಮ್ ಹದ ಬೇರೆ. ಕ್ರೋಮಿಯಂ ಉಪ್ಪಿನಲ್ಲಿ ಮಾಡುವ ಈ ಹದಕ್ಕೆ ಅಮೆರಿಕದ ಆಗಸ್ಟಸ್ ಶುಲ್ಜ್ 1884ರಲ್ಲಿ ಪೇಟೆಂಟ್ ಪಡೆದ. ಬೇಗ ಆಗುತ್ತದೆ, ಮೆತ್ತಗಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಇವತ್ತು ಬ್ಯಾಗು, ಜಾಕೆಟ್ಟು, ಬೂಟಿನ ಮೇಲ್ಭಾಗ ಹೆಚ್ಚಾಗಿ ಇದೇ. ಅದರ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಒದ್ದೆ ಮಾಡಿ ಒತ್ತಿದರೆ ಆಕಾರ ನಿಲ್ಲುವುದಿಲ್ಲ, ಒಣಗಿದ ಮೇಲೆ ಮೊದಲಿನಂತೆಯೇ ಮೆತ್ತಗಾಗುತ್ತದೆ. ಹೋಲ್‌ಸ್ಟರಿಗೆ ಅದು ಬರುವುದಿಲ್ಲ.

ಒಗರು ಹದದ ತೊಗಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಗುಳ್ಳೆ ಬಿಡುವುದು ನಿಲ್ಲುತ್ತದೆ. ಆಗ ಅದು ಹದವಾಗಿ ನಾದಿದ ಜೋಳದ ಹಿಟ್ಟಿನ ಹಾಗೆ ಬೆರಳಿಗೆ ಸಿಗುತ್ತದೆ. ಕತ್ತರಿಯನ್ನು ಅಡುಗೆಮನೆಯ ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಹೊಲಿದ ಹೋಲ್‌ಸ್ಟರಿನೊಳಗೆ ಇಳಿಸುತ್ತೇನೆ. ಆಮೇಲೆ ಹೆಬ್ಬೆರಳಿನಿಂದ ಒತ್ತುತ್ತಾ ಹೋಗುವುದು. ಎರಡು ಅಲಗು ಕೂಡುವ ನಟ್ಟಿನ ಸುತ್ತ ಒಂದು ಗುಂಡಗಿನ ಉಬ್ಬು ಬರಬೇಕು. ಅದರ ಕೆಳಗೆ ಅಲಗಿನ ಡೊಂಕು ಕಾಣಬೇಕು. ಆ ನಟ್ಟಿನ ಕೆಳಗೆ ಸರಿಯಾಗಿ ಒತ್ತಿದ ತೊಗಲೇ ಕತ್ತರಿಯನ್ನು ಹಿಡಿದಿಡುವುದು. ಉಗುರು ತಾಗಿದರೆ ಗುರುತು ಹಾಗೇ ಉಳಿಯುತ್ತದೆ. ಅದಕ್ಕೆ ಕೊಂಬಿನ ತುಂಡನ್ನೋ, ನುಣುಪಾದ ಚಮಚದ ಹಿಂಬದಿಯನ್ನೋ ಬಳಸಬೇಕು. ಕತ್ತರಿ ತೆಗೆದು ನೆರಳಿನಲ್ಲಿ ಒಣಗಿಸಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಇಟ್ಟರೆ ಮುದುಡಿಕೊಂಡು ಬಿರುಕು ಬಿಡುತ್ತದೆ. ಸರಿಯಾಗಿ ಒಣಗಿದ್ದನ್ನು ಬೆರಳಿನಿಂದ ತಟ್ಟಿದರೆ ಕಟ್ಟಿಗೆಯಂತೆ ಟಕ್ ಅನ್ನುತ್ತದೆ. ಇನ್ನು ಕತ್ತರಿ ಇಳಿಸಿದರೆ ಕೊನೆಯಲ್ಲಿ ಸಣ್ಣಗೆ ಹಿಡಿದುಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಆ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಹೊಲಿಗೆ ಕಲಿತಿದ್ದು ಸೈನ್ಯದಲ್ಲಿ ನೋಡಿ. ಯೂನಿಟ್‌ಗಳಲ್ಲಿ ಇಬಿಆರ್ ಅಂತ ಒಂದು ಟ್ರೇಡ್ ಇತ್ತು. ಬೂಟು, ಬೆಲ್ಟು, ಚೀಲ ರಿಪೇರಿ ಮಾಡುವವರು. ಅವರ ಪಕ್ಕದಲ್ಲಿ ಕೂತು ನೋಡುವುದು ನನಗೆ ಇಷ್ಟದ ಕೆಲಸವಾಗಿತ್ತು. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಆರಿಯಿಂದ ತೂತು ಹಾಕಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸಿ ಎಳೆಯುವುದು. ಮಿಷಿನ್ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೊಂದು ದಾರ. ಒಂದು ಕಡೆ ಸವೆದು ಹರಿದರೆ ಹೊಲಿಗೆ ಬಿಚ್ಚುತ್ತಾ ಹೋಗುತ್ತದೆ. ಈ ಕೈ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ಅದೇ ತೂತಿನಲ್ಲಿ ಹಿಡಿದುಕೊಂಡಿರುತ್ತದೆ. ಕುದುರೆ ಜೀನು ಹೊಲಿಯುವವರ ಹೊಲಿಗೆ ಇದು. ಪ್ರಾಣ ನಂಬಿಕೊಂಡಿರುವ ಸಾಮಾನಿಗೆ ಇದೇ ಬೇಕು.

ತೊಗಲು ಆರಿಸುವುದನ್ನು ಕಲಿತಿದ್ದು ಅಥಣಿಯಲ್ಲಿ. ತೇಲಸಂಗ ದಾಟಿ ಬಸ್ಸಿನಲ್ಲಿ ಹೋಗಿ, ಕೇಳಿಕೊಂಡು ಕೇಳಿಕೊಂಡು ಚಪ್ಪಲಿ ಮಾಡುವ ಒಬ್ಬ ಹಿರಿಯರ ಮನೆ ಮುಟ್ಟಿದೆ. ಹೊರಗಿನ ಕಟ್ಟೆಯ ಮೇಲೆ ಕೂತು ರಂಪಿಗೆಯಿಂದ ಅಟ್ಟೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಅವರ ಮನೆಯವರು ಜಡೆ ಹೆಣೆಯುತ್ತಿದ್ದರು. ಚಪ್ಪಲಿ ಮೇಲೆ ಬರುತ್ತದಲ್ಲ, ತೊಗಲಿನ ಸಣ್ಣ ಎಳೆಗಳ ಜಡೆ, ಅದು. ನನ್ನ ಕೆಲಸ ಹೇಳಿ ಒಂದು ತುಂಡು ಕೇಳಿದೆ. ಕತ್ತರಿ ಈಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಇಡೀ ತೊಗಲನ್ನೇ ಹಾಸಿದರು.

‘ಸಾಹೇಬ್ರ, ಇಲ್ಲಿ ನೋಡ್ರಿ, ಇದು ಬೆನ್ನ. ಇದು ಹೊಟ್ಟಿ. ಹೊಟ್ಟಿ ಕಡೀದ ಜಗ್ಗತೈತಿ, ನಿಮ್ಮ ಕೆಲಸಕ್ಕ ಬರೂದಿಲ್ಲ. ಬೆನ್ನಿಂದs ತಗೋರಿ’ ಅಂದರು.

‘ಕಾಕಾ, ದಪ್ಪ ಎಷ್ಟಿರಬೇಕ್ರಿ?’ ಅಂದೆ.

ಅವರು ಅಳತೆ ಹೇಳಲಿಲ್ಲ. ತೊಗಲಿನ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿಕೊಂಡು ಹೋಗುತ್ತಾ ಒಂದು ಕಡೆ ನಿಂತರು. ‘ಇಷ್ಟ ಸಾಕು’ ಅಂದರು. ಮನೆಗೆ ಬಂದು ಅಳೆದರೆ ಮೂರು ಮಿಲಿಮೀಟರ್ ಮೇಲೆ ಕೂದಲೆಳೆಯಷ್ಟು. ಹೊರದೇಶದವರು ಹೋಲ್‌ಸ್ಟರಿಗೆ ಎಂಟರಿಂದ ಒಂಬತ್ತು ಔನ್ಸಿನ ತೊಗಲು ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಒಂದು ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ ದಪ್ಪ, ಸುಮಾರು 0.4 ಮಿಲಿಮೀಟರ್. ಗುಣಿಸಿ ನೋಡಿ. ಕಾಕಾ ಅವರ ಬೆರಳು ನಿಂತಿದ್ದು ಅಲ್ಲೇ.

ಅವತ್ತು ಅವರು ಇನ್ನೊಂದು ಮಾತು ಹೇಳಿದರು. ಎರಡು ಪದರ ಸೇರಿಸಿ ಹೊಲಿಯುವ ಕಡೆ, ನಡುವೆ ತೊಗಲಿನ ಒಂದು ಸಣ್ಣ ಪಟ್ಟಿ ಇಟ್ಟು ಹೊಲಿಯಬೇಕು. ಕತ್ತರಿಯ ಮೊನೆ ದಿನಾ ಹೊಲಿಗೆಗೆ ತಾಗಿದರೆ ದಾರ ಕತ್ತರಿಸುತ್ತದೆ. ನಡುವಿನ ಪಟ್ಟಿ ಆ ಏಟು ತಿನ್ನುತ್ತದೆ. ಕೆಳಗೆ ಒಂದು ಸಣ್ಣ ತೂತು ಬಿಡಬೇಕು, ಮಣ್ಣು, ನೀರು ಇಳಿದು ಹೋಗಲಿ ಅಂತ. ಅವರು ಜನ್ಮದಲ್ಲಿ ಹೋಲ್‌ಸ್ಟರ್ ಹೊಲಿದವರಲ್ಲ. ಆದರೂ ಸಾಮಾನು ನೋಡಿದ ಕೂಡಲೇ ಅದು ಎಲ್ಲಿ ಸವೆಯುತ್ತದೆ ಅಂತ ಅವರಿಗೆ ಹೊಳೆಯಿತು. ವಿದೇಶದ ವಿಡಿಯೋಗಳಲ್ಲೂ ಈ ನಡುವಿನ ಪಟ್ಟಿಯನ್ನು ತೋರಿಸುತ್ತಾರೆ. ಇಂಥ ಜ್ಞಾನ ನಮ್ಮ ಪಕ್ಕದ ತಾಲೂಕಿನ ಕಟ್ಟೆಯ ಮೇಲೆ ಕೂತಿದೆ. ನಮ್ಮ ಹುಡುಗರು ಅದನ್ನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಹುಡುಕುತ್ತಿದ್ದಾರೆ. ನನಗೆ ಸಂಕಟವಾಗುವುದು ಇದಕ್ಕೆ.

ಹೆಣ್ಣುಮಕ್ಕಳಿಗಾಗಿ ಬೆಲ್ಟಿನ ಬದಲು ಅಗಲವಾದ ನಡಪಟ್ಟಿ ಮಾಡಿದೆ. ಹತ್ತಿಯ ನವಾರು ಪಟ್ಟಿ, ಹಿಂದೆ ಗಂಟು ಹಾಕುವುದು, ಬಲಗಡೆ ಹೋಲ್‌ಸ್ಟರ್. ಟೋಳಿಯ ಒಬ್ಬ ಅಕ್ಕಾವ್ರು ಅದನ್ನು ಕಟ್ಟಿಕೊಂಡು ಬಗ್ಗಿ, ಎದ್ದು, ಕೂತು ನೋಡಿದರು. ‘ಅಣ್ಣಾರ, ಸ್ವಲ್ಪ ಹಿಂದ ಸರಸ್ರಿ, ಕುಂತ್ರ ತೊಡಿಗಿ ಒತ್ತತೈತಿ’ ಅಂದರು. ಸರಿಸಿ ಹೊಲಿದೆ. ಈಗ ಅದೇ ನಮ್ಮ ಅಳತೆ. ಕೆಲಸ ಮಾಡುವವರನ್ನು ಕೇಳದೆ ಮಾಡಿದ ಸಾಮಾನು ಗೂಟಕ್ಕೆ ನೇತುಬೀಳುತ್ತದೆ.

ಒಂದು ಎಚ್ಚರ ಹೇಳಬೇಕು. ಒದ್ದೆ ಕತ್ತರಿಯನ್ನು ಈ ತೊಗಲಿನಲ್ಲಿ ರಾತ್ರಿಯಿಡೀ ಬಿಡಬೇಡಿ. ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣದ ಅಂಶ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಗುಣ. ಉಕ್ಕಿಗೂ ತುಕ್ಕು ಬರುತ್ತದೆ. ಸಂಜೆ ಕತ್ತರಿ ಒರೆಸಿ, ಎಣ್ಣೆ ಕೈ ಸವರಿ ಬೇರೆ ಇಡಬೇಕು. ಇದೇ ಗುಣವನ್ನು ಬಣ್ಣಕ್ಕೂ ಬಳಸಬಹುದು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿ, ಸೋಸಿ ಹಚ್ಚಿದರೆ ತೊಗಲು ಕಣ್ಣೆದುರೇ ಕಪ್ಪಾಗುತ್ತದೆ. ಹೊರಗಿನ ಬಣ್ಣದಂತೆ ಕೈಗೆ, ಬಟ್ಟೆಗೆ ಅಂಟುವುದಿಲ್ಲ. ಶಾಲೆಯ ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ತೋರಿಸಬಹುದಾದ ಒಳ್ಳೆ ಪ್ರಯೋಗ.

ಇನ್ನು ಪಿಸ್ತೂಲಿನ ಹೋಲ್‌ಸ್ಟರ್. ಲೈಸೆನ್ಸ್ ಇರುವ ಗೆಳೆಯರೊಬ್ಬರು ತಮ್ಮ ರಿವಾಲ್ವರಿಗೆ ಮಾಡಿಕೊಡು ಎಂದರು. ಇದರಲ್ಲಿ ನನಗೆ ಸಡಿಲ ಇಲ್ಲ. ಆಯುಧವನ್ನು ಬಿಟ್ಟು ಹೋಗಿ, ಮಾಡಿಡುತ್ತೇನೆ ಅನ್ನುವ ಮಾತೇ ಇಲ್ಲ. ಲೈಸೆನ್ಸ್ ಯಾರ ಹೆಸರಿಗಿದೆಯೋ ಅವರ ಕೈಯಲ್ಲೇ ಅದು ಇರಬೇಕು. ಅವರೇ ಗುಂಡು ತೆಗೆದು, ಇಬ್ಬರೂ ಖಾಲಿ ನೋಡಿಕೊಂಡ ಮೇಲೆ ಅಳತೆ ಬರೆದುಕೊಂಡೆ. ನಮ್ಮೂರ ಬಡಗಿ ಆ ಅಳತೆಗೆ ಬೇವಿನ ಕಟ್ಟಿಗೆಯ ಬೊಂಬೆ ಕೆತ್ತಿ ಕೊಟ್ಟ. ಒದ್ದೆ ತೊಗಲನ್ನು ಒತ್ತಿದ್ದೆಲ್ಲ ಆ ಬೊಂಬೆಯ ಮೇಲೆ.

ಹೊಸದಾಗಿ ಕಲಿಯುವವರಿಗೆ ಇಲ್ಲಿ ಮೊದಲ ನಿಯಮ ಒಂದೇ. ಟ್ರಿಗರ್ ಮತ್ತು ಅದರ ಬಳೆ ಪೂರ್ತಿ ತೊಗಲಿನೊಳಗೆ ಮುಚ್ಚಿರಬೇಕು. ಬೆರಳು, ಅಂಗಿ ಚುಂಗು, ದಾರ ಯಾವುದೂ ಅಲ್ಲಿಗೆ ಹೋಗಬಾರದು. ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳುವ ಹೋಲ್‌ಸ್ಟರನ್ನು ಎಸೆದುಬಿಡಿ. ಆ ಮಡಿಕೆಯೇ ಟ್ರಿಗರನ್ನು ಒತ್ತಬಹುದು. ಅದಕ್ಕೇ ಬಾಯಿಯ ಸುತ್ತ ಇನ್ನೊಂದು ಪಟ್ಟಿ ಹೊಲಿದು ಗಟ್ಟಿ ಮಾಡುವುದು. ಅಲಂಕಾರಕ್ಕೆ ಅಂತ ತೆರೆದು ಬಿಟ್ಟ ಹೋಲ್‌ಸ್ಟರುಗಳನ್ನು ಸಿನಿಮಾಗಳಲ್ಲಿ ನೋಡಿ ಹಾಗೇ ಮಾಡಲು ಹೋಗಬೇಡಿ. ಆಯುಧವನ್ನು ಅದರಲ್ಲೇ ಇಟ್ಟು ಬೀರುವಿನಲ್ಲಿ ತಿಂಗಳುಗಟ್ಟಲೆ ಬಿಡಲೂಬಾರದು. ಕತ್ತರಿಗೆ ಹೇಳಿದ ತುಕ್ಕಿನ ಮಾತು ಇಲ್ಲೂ ಅಷ್ಟೇ ನಿಜ.

ಪೊಲೀಸ್ ಅಧಿಕಾರಿಗಳು ಪರೇಡಿನಲ್ಲಿ ಹಾಕುವ, ಭುಜದಿಂದ ಅಡ್ಡ ಪಟ್ಟಿ ಬರುವ ತೊಗಲಿನ ಬೆಲ್ಟನ್ನು ನೀವು ನೋಡಿರುತ್ತೀರಿ. ಅದರ ಹೆಸರು ಸ್ಯಾಮ್ ಬ್ರೌನ್ ಬೆಲ್ಟ್. ಸ್ಯಾಮ್ ಬ್ರೌನ್ ಈ ನೆಲದಲ್ಲೇ ಬ್ರಿಟಿಷ್ ಸೈನ್ಯದಲ್ಲಿದ್ದ ಅಧಿಕಾರಿ. 1858ರ ಕಾಳಗದಲ್ಲಿ ಎಡಗೈ ಕಳೆದುಕೊಂಡ. ಕತ್ತಿಯ ಒರೆ ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲದವನಿಗೆ ಒಂದೇ ಕೈಯಲ್ಲಿ ಆಯುಧ ಎಳೆಯುವ ಹಾಗೆ ಈ ಬೆಲ್ಟು ರೂಪುಗೊಂಡಿತು. ನಮ್ಮ ಚಾಟ್ನಿ ಅಕ್ಕಾವ್ರ ಕಷ್ಟವೂ ಅದೇ ಜಾತಿಯದು ನೋಡಿ. ಒಂದು ಕೈ ಕಡ್ಡಿಯ ಮೇಲಿದೆ, ಇನ್ನೊಂದೇ ಕೈಯಲ್ಲಿ ಎಲ್ಲ ಆಗಬೇಕು.

ಈಗ ನನ್ನ ಮುಖ್ಯ ಮಾತು. ಕಲಿಯುವವನಿಗೆ ಈ ತೊಗಲು ಸಿಗುವುದಿಲ್ಲ. ವ್ಯಾಪಾರಿಗಳು ಇಡೀ ತೊಗಲು, ಇಲ್ಲವೇ ಕಟ್ಟುಗಟ್ಟಲೆ ಕೊಡುತ್ತಾರೆ. ಒಂದು ಹೋಲ್‌ಸ್ಟರಿಗೆ ಬೇಕಾಗುವುದು ಒಂದು ಚದರ ಅಡಿಯ ಆಸುಪಾಸು. ಚಪ್ಪಲಿ ಮಾಡುವ ಮನೆಗಳಿಗೆ ಹೋಗಿ ಕೇಳಿದರೆ ಪ್ರೀತಿಯಿಂದ ಕೊಡುತ್ತಾರೆ. ಆದರೆ ಅದು ಅವರು ದುಡ್ಡು ಹಾಕಿ ತಂದ ಮಾಲು. ನಮಗೆ ಬೆನ್ನಿನ ತುಂಡು ಕೊಟ್ಟರೆ ಅವರಿಗೆ ಉಳಿಯುವುದು ಹೊಟ್ಟೆಯ ತುಂಡು. ಹೋದಹೋದಾಗಲೆಲ್ಲ ಹಾಗೆ ಕೇಳುವುದು ನ್ಯಾಯವಲ್ಲ. ನಗರವೊಂದರ ಅಂಗಡಿಯಲ್ಲಿ ಒಗರು ಹದದ್ದು ಅಂತ ಹೇಳಿ ನನಗೆ ಬೇರೆಯದನ್ನೇ ಕೊಟ್ಟರು. ಅಂಚು ಕತ್ತರಿಸಿದಾಗ ನಡುವೆ ನೀಲಿ ಬೂದಿ ಬಣ್ಣದ ಗೆರೆ ಕಂಡಿತು, ಅದು ಕ್ರೋಮ್. ಗುರುತಿಸುವುದು ಕಷ್ಟವಿಲ್ಲ. ಬಣ್ಣ ಹಾಕದ ಒಗರು ತೊಗಲು ಅಂಚಿನ ಉದ್ದಕ್ಕೂ ಕಂದಾಗಿರುತ್ತದೆ. ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಗಾಢವಾಗುತ್ತದೆ. ಆದರೆ ಹೊಸಬನಿಗೆ ಇದನ್ನು ಯಾರು ಹೇಳಿಕೊಡುತ್ತಾರೆ?

ಹಳೆ ಪದ್ಧತಿಯಲ್ಲಿ ಹದ ಮಾಡುವ ಮನೆಗಳೇ ಕಡಿಮೆಯಾಗುತ್ತಿವೆ. ವಾಸನೆ, ನೀರು, ದುಡಿಮೆ ಎಲ್ಲವೂ ಜಾಸ್ತಿ, ಬರುವ ಕಾಸು ಕಡಿಮೆ. ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ತಪ್ಪು ಅನ್ನಲಾರೆ. ಚಪ್ಪಲಿ ಒಂದನ್ನೇ ನೆಚ್ಚಿಕೊಂಡರೆ ಆ ತೊಗಲಿಗೆ ಒಂದೇ ಗಿರಾಕಿ. ಬೆಲ್ಟು, ಕುಡಗೋಲಿನ ಒರೆ, ಬಡಗಿಯ ಉಳಿಯ ಚೀಲ, ಲೈನ್‌ಮನ್‌ಗಳ ಇಕ್ಕಳದ ಹೋಲ್‌ಸ್ಟರ್ ಇವೆಲ್ಲ ಅದೇ ಬೆನ್ನಿನ ತೊಗಲಿನಿಂದ ಆಗುತ್ತವೆ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ, ನಮ್ಮ ಕಬ್ಬಿನ ಗದ್ದೆಗಳಲ್ಲಿ, ದಾಳಿಂಬೆ ತೋಟಗಳಲ್ಲಿ ಸೊಂಟಕ್ಕೆ ಸಾಮಾನು ಸಿಕ್ಕಿಸಿಕೊಂಡು ದುಡಿಯುವವರು ಎಷ್ಟು ಜನ ಇದ್ದಾರೆ ಯೋಚಿಸಿ. ಕೇಳುವವರು ಹೆಚ್ಚಿದರೆ ಹದ ಮಾಡುವವರಿಗೂ ಬೆಲೆ ಬರುತ್ತದೆ.

ಹವ್ಯಾಸಿಗಳು ಬಂದರೆ ಕುಲಕಸುಬಿನವರ ಹೊಟ್ಟೆ ಮೇಲೆ ಹೊಡೆತ ಅಲ್ವಾ ಎಂದು ನಮ್ಮೂರ ಮೇಷ್ಟ್ರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು. ಕಲಿಸುವವರು ಅವರೇ ಆಗಿರಬೇಕು, ಕಲಿಸಿದ್ದಕ್ಕೆ ಸರಿಯಾದ ದುಡ್ಡು ಅವರ ಕೈಗೇ ಸೇರಬೇಕು, ತೊಗಲನ್ನು ಅವರಿಂದಲೇ ಕೊಳ್ಳಬೇಕು. ಕೊಲ್ಹಾಪುರಿ ಹೆಸರಿನಲ್ಲಿ ಚಪ್ಪಲಿ ಮಾಡುವುದು ಅವರ ಹಕ್ಕು. ಅದಕ್ಕೆ ಕೈ ಹಾಕುವುದು ಬೇಡ. ಒಂದು ಹೋಲ್‌ಸ್ಟರ್ ಹೊಲಿದು ನೋಡಿದವನಿಗೆ ಕೈ ಹೊಲಿಗೆಯ ಚಪ್ಪಲಿಗೆ ಯಾಕೆ ಅಷ್ಟು ಬೆಲೆ ಅನ್ನುವುದು ತಿಳಿಯುತ್ತದೆ. ಅವನು ಮತ್ತೆ ಅಥಣಿಯ ಅಂಗಡಿಯಲ್ಲಿ ನಿಂತು ಚೌಕಾಸಿ ಮಾಡುವುದಿಲ್ಲ. ನಾನಂತೂ ಮಾಡುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಬರೆಯುತ್ತೇನೆ. ನಾನು ತೊಗಲು ಹಿಡಿದು ಕೂತಾಗ ನಮ್ಮವರೇ ಕೆಲವರು ‘ನಿನಗ್ಯಾಕ ಬೇಕಿತ್ತ ಈ ಕೆಲಸ’ ಅಂದರು. ಅವರು ಹೇಳಿದ್ದು ಕೆಲಸದ ಬಗ್ಗೆ ಅಲ್ಲ, ಜಾತಿಯ ಬಗ್ಗೆ. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆ ನಮ್ಮದು. ಸಮಗಾರ ಹರಳಯ್ಯ ಶರಣನ ಕಥೆ ಕೇಳಿಯೇ ಬೆಳೆದವರು ನಾವು. ಅವರೂ ಅವರ ಹೆಂಡತಿ ಕಲ್ಯಾಣಮ್ಮನವರೂ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿಕೊಟ್ಟ ಕಥೆಗೆ ಜಾತ್ರೆಯಲ್ಲಿ ಕೈ ಮುಗಿಯುತ್ತೇವೆ. ಮನೆಗೆ ಬಂದ ಮೇಲೆ ಆರಿ ಮುಟ್ಟಿದವನ ಕಡೆ ಬೇರೆ ಕಣ್ಣಿನಿಂದ ನೋಡುತ್ತೇವೆ. ಇದು ಹೋಗಬೇಕು. ಎಲ್ಲ ಮನೆಗಳ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತು ಆ ಕಾಕಾನ ಕೈ ನೋಡಿ ಕಲಿತರೆ ಸ್ವಲ್ಪವಾದರೂ ಹೋಗುತ್ತದೆ ಎಂದು ನಂಬಿದ್ದೇನೆ.

ಹಾಗಾಗಿ ಲಿಡ್ಕರ್‌ಗೆ, ಅಂದರೆ ಡಾ. ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮಕ್ಕೆ, ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. 1976ರಿಂದ ಇರುವ ಸಂಸ್ಥೆ. ಜಿಐ ಗುರುತು ತರುವುದರಲ್ಲಿ ಮಹಾರಾಷ್ಟ್ರದ ನಿಗಮದ ಜೊತೆ ಅದೂ ಕೆಲಸ ಮಾಡಿದೆ. ಅಥಣಿಯಲ್ಲೋ, ನಿಪ್ಪಾಣಿಯಲ್ಲೋ ಒಂದು ಕಡೆ ಒಗರು ಹದದ ಬೆನ್ನಿನ ತೊಗಲನ್ನು ಸಣ್ಣ ತುಂಡುಗಳಲ್ಲಿ, ದಪ್ಪ ಎಷ್ಟು, ಯಾವ ಹದ ಅಂತ ಚೀಟಿ ಹಚ್ಚಿ ಮಾರಲಿ. ಅಂಚೆಯಲ್ಲೂ ಕಳಿಸಲಿ. ಭಾನುವಾರಗಳಂದು ಹಿರಿಯ ಕಸುಬುದಾರರನ್ನೇ ಗುರುಗಳಾಗಿ ಕೂರಿಸಿ, ಫೀ ಇಟ್ಟು, ಯಾರು ಬೇಕಾದರೂ ಬರುವಂಥ ತರಗತಿ ನಡೆಸಲಿ. ಪ್ರಮಾಣಪತ್ರ, ಉದ್ಘಾಟನೆ, ಶಾಲು ಇವೆಲ್ಲ ಬೇಡ. ಆರಿ, ಎರಡು ಸೂಜಿ, ಜೇನುಮೇಣ ಹಚ್ಚಿದ ದಾರ, ಒಂದು ತುಂಡು ತೊಗಲು ಇದ್ದರೆ ಮೊದಲ ಪಾಠ ಆಗುತ್ತದೆ. ಮೊದಲ ಪಾಠಕ್ಕೆ ಕತ್ತರಿಯ ಹೋಲ್‌ಸ್ಟರನ್ನೇ ಇಡಲಿ. ಅಳತೆ ಸಣ್ಣದು, ಹೊಲಿಗೆ ಕಡಿಮೆ, ಒಣಗಿದ ಮಾರನೇ ದಿನವೇ ಕೆಲಸಕ್ಕೆ ಬರುತ್ತದೆ.

ಲಿಡ್ಕರ್ ಶುರು ಮಾಡುವವರೆಗೆ ಕಾಯಬೇಕಾಗಿಲ್ಲ. ನಮ್ಮ ತೋಟದಲ್ಲಿ ಒಣದ್ರಾಕ್ಷಿಯ ಶೆಡ್ ಇದೆ. ಮಣೂಕದ ಕೆಲಸ ಮುಗಿದ ಮೇಲೆ ವರ್ಷದ ಬಹುಭಾಗ ಖಾಲಿ ಇರುತ್ತದೆ. ನೆರಳಿದೆ, ಗಾಳಿ ಆಡುತ್ತದೆ, ಒದ್ದೆ ತೊಗಲು ಒಣಗಿಸಲು ಅದಕ್ಕಿಂತ ಒಳ್ಳೆ ಜಾಗ ಬೇರೆ ಬೇಡ. ಅಥಣಿಯ ಕಾಕಾ ಬರಲು ಒಪ್ಪಿದ್ದಾರೆ. ಅವರ ಬಸ್ ಚಾರ್ಜು, ದಿನದ ಪಗಾರ ಕಲಿಯುವವರು ಹಂಚಿಕೊಳ್ಳಬೇಕು. ಊಟ ನಮ್ಮ ಮನೆಯದು. ಏಪ್ರಿಲ್ ಚಾಟ್ನಿಗೆ ಮೊದಲೇ ನಮ್ಮ ಭಾಗದ ಟೋಳಿಯ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ನಡಪಟ್ಟಿ ಸಿಗುವಂತೆ ಮಾಡಬೇಕೆಂದಿದ್ದೇನೆ. ಹೊಲಿಯಲು ಕೈ ಬೇಕು. ಆಸಕ್ತಿ ಇರುವವರು ಪತ್ರಿಕೆಯ ಕಚೇರಿಗೆ ಬರೆದರೆ ನನಗೆ ಮುಟ್ಟಿಸಿ ಎಂದು ತಮ್ಮಲ್ಲಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮಾಜಿ ಸೈನಿಕ ಮತ್ತು ದ್ರಾಕ್ಷಿ ಬೆಳೆಗಾರ,
ತಿಕೋಟಾ ತಾಲೂಕು, ವಿಜಯಪುರ ಜಿಲ್ಲೆ